ಶೋಭಾರಾಣಿಗೆ ಹೊಲಿದ ಏಪ್ರನ್

ಶೋಭಾರಾಣಿ ಎನ್ನುವವರು ಹೆಂಗಸೇ ಇರಬೇಕೆಂದು ರಾಗಿಣಿ ನಂಬಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ವಾಟ್ಸಾಪಿನಲ್ಲಿ ಹೆಸರು ಹಾಗೇ ಇತ್ತು. ಫೋಟೋ ಇರಬೇಕಾದ ಕಡೆ ಗುಲಾಬಿ ಬಣ್ಣದ ಒಂದು ಕೇಕಿತ್ತು.

‘ನಿಮ್ಮ ಹಳೇ ಕಾಲದ ಏಪ್ರನ್ ಫೋಟೋ ನೋಡಿದೆ. ನನಗೂ ಒಂದು ಬೇಕು. ಪ್ಲಾಸ್ಟಿಕ್ಕಿಂದು ಹಾಕ್ಕೊಂಡು ಓವನ್ ಮುಂದೆ ನಿಂತೂ ನಿಂತೂ ಬೆಂದುಹೋಗಿದೀನಿ’ ಎಂದು ಬಂದಿತ್ತು ಮೊದಲ ಮೆಸೇಜು.

‘ಖಂಡಿತ ಹೊಲಿದುಕೊಡ್ತೀನಿ ಅಕ್ಕ, ಅಳತೆ ಕಳಿಸಿ’ ಎಂದು ರಾಗಿಣಿ ಬರೆದಳು.

ಅಳತೆ ಬಂತು. ಎತ್ತರ ಆರಡಿ, ಎದೆ ನಲವತ್ನಾಲ್ಕು. ರಾಗಿಣಿ ಫೋನನ್ನು ಅತ್ತೆಯ ಮುಂದೆ ಹಿಡಿದಳು. “ನೋಡಿ ಅತ್ತೆ, ಈ ಅಕ್ಕ ಭಾರೀ ಆಳು.”

ಯಶೋದಮ್ಮ ಕನ್ನಡಕ ಏರಿಸಿಕೊಂಡು ನೋಡಿ, “ಮಂಡ್ಯ ಕಡೆಯವರಿರಬೇಕು ಬಿಡು. ಬಟ್ಟೆ ಧಾರಾಳವಾಗಿ ಬಿಡೋಣ” ಎಂದು ಕತ್ತರಿ ಕೈಗೆತ್ತಿಕೊಂಡರು.

ಕೆಂಗೇರಿ ಉಪನಗರದ ಆ ಮೊದಲ ಮಹಡಿಯ ಮನೆಯಲ್ಲಿ ಇದ್ದವರು ಅತ್ತೆ ಸೊಸೆ ಇಬ್ಬರೇ. ರಾಗಿಣಿಯ ಗಂಡ ರೇವಂತ್ ತೀರಿಕೊಂಡು ಆರು ವರ್ಷವಾಗಿತ್ತು. ಮಾಮೂಲಿ ಜ್ವರ ಎಂದುಕೊಂಡಿದ್ದು ಡೆಂಗಿಯಾಗಿ, ಒಂದೇ ವಾರದಲ್ಲಿ ಎಲ್ಲ ಮುಗಿದುಹೋಗಿತ್ತು. ತವರಿಗೆ ಬಾ ಎಂದು ಅಣ್ಣ ಕರೆದಾಗ ರಾಗಿಣಿ ಹೋಗಲಿಲ್ಲ. ಮಗನನ್ನು ಕಳೆದುಕೊಂಡು ಗೋಡೆ ನೋಡುತ್ತ ಕೂತಿದ್ದ ಆ ಹೆಂಗಸನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಯಶೋದಮ್ಮ ಬಹಳ ವರ್ಷ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಡಿದವರು. ಮೊದಮೊದಲು ಸೊಸೆ ಬ್ಲೌಸು, ಸೀರೆ ಫಾಲ್ಸು ಎಂದು ಹೊಲಿಯುತ್ತಿದ್ದಳು. ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಹಳೆಯದೊಂದು ಇಂಗ್ಲಿಷ್ ಹೊಲಿಗೆ ಪುಸ್ತಕ ಕಣ್ಣಿಗೆ ಬಿದ್ದ ಮೇಲೆ ದಾರಿ ಬೇರೆಯಾಯಿತು.

ಅದರ ತುಂಬ ಏಪ್ರನ್‌ಗಳು! ಭುಜದ ಮೇಲೆ ಚಿಟ್ಟೆಯ ರೆಕ್ಕೆಯಂಥ ಫ್ರಿಲ್ಲು, ಹೃದಯದ ಆಕಾರದ ಎದೆಪಟ್ಟಿ, ಸೊಂಟದಿಂದ ಕೆಳಗೆ ನೆರಿಗೆ ನೆರಿಗೆಯಾಗಿ ಇಳಿಯುವ ಲಂಗ, ಬೆನ್ನ ಹಿಂದೆ ದೊಡ್ಡ ಬೋ. ಅಡುಗೆಮನೆಗೆ ಹೋಗಲು ಇಷ್ಟೊಂದು ಸಿಂಗಾರವೇ ಎಂದು ರಾಗಿಣಿಗೆ ಮೊದಲು ನಗು ಬಂತು, ಆಮೇಲೆ ಆಸೆಯಾಯಿತು. ಅದೇ ಕಟಿಂಗನ್ನು ನಮ್ಮ ಚೆಕ್ಸ್ ಬಟ್ಟೆಯಲ್ಲಿ ಹೊಲಿದು, ಹಳೆಯ ಕಾಟನ್ ಸೀರೆಯ ಅಂಚನ್ನು ಜೇಬಿಗೆ ಕೂರಿಸಿದಳು. ಫೋಟೋ ಹಾಕಿದ್ದೇ ತಡ, ಬೇಕು ಬೇಕು ಎಂದು ಜನ ಕೇಳತೊಡಗಿದರು.

ಹಾಗೆ ಕೇಳಿದವರಲ್ಲಿ ಶೋಭಾರಾಣಿ ಮಾತ್ರ ಆರ್ಡರ್ ಕೊಟ್ಟು ಸುಮ್ಮನಾಗಲಿಲ್ಲ. ಅದೂ ಇದೂ ಮಾತು ಬೆಳೆಯಿತು.

‘ಫ್ರಿಲ್ ಇಡ್ಲಾ ಅಕ್ಕ?’

‘ನಿಮ್ಮಿಷ್ಟ. ಹೊಲಿಯೋ ಕೈಗೆ ಖುಷಿಯಾಗ್ಬೇಕು.’

‘ನಮ್ಮ ಕಡೆ ಗಂಡಸರಿಗೂ ಒಂದೊಂದು ಏಪ್ರನ್ ಹಾಕಿಸ್ಬೇಕು ಅಕ್ಕ. ಕೈ ಒರೆಸೋಕೆ ಬಾಗಿಲ ಪರದೆನೇ ಬೇಕು ಅವರಿಗೆ.’

ಆ ಕಡೆ ‘ಟೈಪಿಂಗ್’ ಎಂದು ಬಂತು, ಹೋಯಿತು, ಮತ್ತೆ ಬಂತು. ಆಮೇಲೆ, ‘ಪಾಪ, ಕೆಲವರು ಪ್ಯಾಂಟಿಗೂ ಒರೆಸ್ಕೋತಾರೆ’ ಎಂದು ಬಂತು. ರಾಗಿಣಿ ಮೆಷಿನ್ ನಿಲ್ಲಿಸಿ ನಕ್ಕಳು.

ಒಂದು ಮಧ್ಯಾಹ್ನ ಯಾಕೋ ಬರೆದುಬಿಟ್ಟಳು: ‘ಇವತ್ತು ನಮ್ಮನೆಯವರಿದ್ದಿದ್ರೆ ನಲವತ್ತು ತುಂಬ್ತಿತ್ತು. ಕೆಲಸ ಸಾಗ್ತಿಲ್ಲ ಅಕ್ಕ, ನಿಮ್ಮ ಏಪ್ರನ್ ತಡವಾಗತ್ತೆ.’

‘ಹಾಗಾದ್ರೆ ಇವತ್ತು ಹೊಲೀಬೇಡಿ. ಏಪ್ರನ್ ಎಲ್ಲಿಗೂ ಓಡಿಹೋಗಲ್ಲ. ಅವರಿಗೆ ಇಷ್ಟವಾಗಿದ್ದು ಏನಾದ್ರೂ ಮಾಡ್ಕೊಂಡು ತಿನ್ನಿ.’

ಆ ಸಂಜೆ ರಾಗಿಣಿ ಶಾವಿಗೆ ಪಾಯಸ ಮಾಡಿದಳು. ಅತ್ತೆ ಸೊಸೆ ಎದುರುಬದುರು ಕೂತು, ಒಬ್ಬರಿಗೊಬ್ಬರು ಬಡಿಸಿಕೊಂಡು ತಿಂದರು.

ಏಪ್ರನ್ ಸಿದ್ಧವಾಯಿತು. ತಿಳಿಹಸಿರು ಚೆಕ್ಸು, ಬಿಳಿ ಫ್ರಿಲ್ಲು, ಕೆಂಪಂಚಿನ ಜೇಬು. ಶೋಭಾರಾಣಿ ತಾವೇ ಬಂದು ಒಯ್ಯುವುದಾಗಿ ಹೇಳಿದರು. ಕಾಲಿಂಗ್ ಬೆಲ್ ಆದಾಗ ರಾಗಿಣಿ ಸೀರೆ ಸರಿಮಾಡಿಕೊಂಡು ನಗುನಗುತ್ತ ಬಾಗಿಲು ತೆಗೆದಳು.

ಹೊರಗೆ ಆರಡಿ ಎತ್ತರದ ಗಂಡಸೊಬ್ಬ ನಿಂತಿದ್ದ. ದಪ್ಪ ಮೀಸೆ, ಕೈಯಲ್ಲಿ ಪಫ್ಸಿನ ಡಬ್ಬಿ.

“ಏಪ್ರನ್ನು...” ಎಂದ.

“ಶೋಭಕ್ಕ ಕಳಿಸಿದ್ರಾ? ಅವರೇ ಬರ್ತೀನಿ ಅಂದಿದ್ರು?”

ಆತ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. “ಅದು... ಶೋಭಾರಾಣಿ ಅನ್ನೋದು ನಮ್ಮ ಬೇಕರಿ ಹೆಸರು ಮೇಡಂ. ಸುಂಕದಕಟ್ಟೇಲಿದೆ. ನಮ್ಮಮ್ಮನ ಹೆಸರನ್ನೇ ಇಟ್ಟಿದೀವಿ. ನಾನು ಸಿದ್ದೇಶ್.”

ರಾಗಿಣಿಯ ಮುಖಕ್ಕೆ ರಕ್ತ ನುಗ್ಗಿತು. ಬರೆದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. “ಮತ್ತೆ ಇಷ್ಟು ದಿನ ಅಕ್ಕ ಅಕ್ಕ ಅಂತಿದ್ನಲ್ಲ, ಹೇಳ್ಬಾರದಿತ್ತಾ ನೀವು?”

“ಮೊದಲನೇ ಸಲ ಬೆರಳು ತಪ್ಪಿ ಟೈಪಾಗಿದೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ಆದ್ರೆ ಅಷ್ಟೊತ್ತಿಗೆ...” ಆತ ನೆಲ ನೋಡಿದ. “ಅಣ್ಣ ಅಂತ ಗೊತ್ತಾದ್ರೆ ಮಾತು ನಿಲ್ಲಿಸ್ಬಿಡ್ತೀರೇನೋ ಅನ್ನಿಸ್ತು.”

ಒಳಗಿಂದ ಯಶೋದಮ್ಮನ ದನಿ ಬಂತು. “ಯಾರೇ ಅದು? ಶೋಭಾರಾಣಿ ಬಂದ್ರಾ? ಒಳಗೆ ಕರಿ.”

ರಾಗಿಣಿಗೆ ಸಿಟ್ಟೂ ನಗುವೂ ಒಟ್ಟಿಗೆ ಬಂದವು. ಸಿಟ್ಟನ್ನೇ ತೋರಿಸಬೇಕೆಂದುಕೊಂಡು ಏಪ್ರನ್ ಮುಂದೆ ಚಾಚಿದಳು. “ತಗೊಳ್ಳಿ. ಫ್ರಿಲ್ ಬಿಚ್ಚಿಕೊಡ್ತೀನಿ ಬೇಕಾದ್ರೆ. ನೀವು ಹಾಕ್ಕೊಳ್ಳೋಕಾಗಲ್ಲ ಇದನ್ನ.”

“ಯಾಕಾಗಲ್ಲ?” ಸಿದ್ದೇಶ ಅಲ್ಲೇ ಬಾಗಿಲಲ್ಲಿ ನಿಂತು ತಲೆಯ ಮೇಲಿಂದ ಏಪ್ರನ್ ಇಳಿಸಿಕೊಂಡ. ಫ್ರಿಲ್ಲು ಎರಡು ಭುಜದ ಮೇಲೂ ಅರಳಿ ನಿಂತಿತು. ಬೆನ್ನ ಹಿಂದೆ ದಾರ ಸಿಗದೆ ತಡಕಾಡಿದ. ಮೀಸೆಯ ಕೆಳಗೆ ಹೃದಯದ ಆಕಾರದ ಆ ಎದೆಪಟ್ಟಿಯನ್ನು ನೋಡಿ ರಾಗಿಣಿ ತುಟಿ ಕಚ್ಚಿಕೊಂಡಳು. ಆತ ಅದನ್ನು ಗಮನಿಸಿದ.

“ನಗಿ ಪರವಾಗಿಲ್ಲ. ಎಷ್ಟು ತಣ್ಣಗಿದೆ ಗೊತ್ತಾ!”

ಅವಳು ನಕ್ಕೇಬಿಟ್ಟಳು.

ಸಿದ್ದೇಶ ನಿಜವಾಗಿಯೂ ಅದನ್ನು ಹಾಕಿಕೊಂಡೇ ಬೇಕರಿಯಲ್ಲಿ ದಿಲ್‌ಪಸಂದ್ ಕತ್ತರಿಸಿದ. ‘ಏನ್ ಗುರು, ಲಂಗ ಹಾಕ್ಕೊಂಡಿದೀಯ?’ ಎಂದು ಗೆಳೆಯರು ಆಡಿಕೊಂಡರೆ, ‘ಹೂಂ ಮಗಾ, ನಿಂಗೂ ಒಂದು ಹೇಳ್ಲಾ?’ ಎನ್ನುತ್ತಿದ್ದನಂತೆ. ಅದನ್ನೆಲ್ಲ ಬಂದು ರಾಗಿಣಿಗೆ ಹೇಳುತ್ತಿದ್ದ. ಬರಲು ಕಾರಣಗಳಿಗೇನು ಕೊರತೆ? ತಾಯಿಗೊಂದು ಏಪ್ರನ್ ಬೇಕು, ಜೇಬು ಸ್ವಲ್ಪ ಮೇಲಾಗಬೇಕು, ಯಶೋದಮ್ಮನಿಗೆ ಸಕ್ಕರೆ ಇಲ್ಲದ ರಸ್ಕು ತಂದಿದೀನಿ. ತನಗೆ ಒಮ್ಮೆ ಮದುವೆಯಾಗಿತ್ತೆಂಬುದನ್ನೂ ಮುಚ್ಚಿಡಲಿಲ್ಲ. “ಜಗಳ ಇರ್ಲಿಲ್ಲ, ಪ್ರೀತೀನೂ ಇರ್ಲಿಲ್ಲ. ವರ್ಷ ತುಂಬೋದ್ರಲ್ಲಿ ಇಬ್ರೂ ಒಪ್ಪಿ ಬೇರೆಯಾದ್ವಿ. ಈಗ ಅವರು ಮೈಸೂರಲ್ಲಿ ಚೆನ್ನಾಗಿದಾರೆ” ಎಂದಿದ್ದ.

ಆತ ಮಾತಾಡುವಾಗ ರಾಗಿಣಿ ಸೂಜಿಗೆ ದಾರ ಪೋಣಿಸುವವಳಂತೆ ತಲೆ ಬಗ್ಗಿಸಿರುತ್ತಿದ್ದಳು. ಪೋಣಿಸಿ ಮುಗಿದ ಮೇಲೂ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಆತ ನೋಡುತ್ತಿರುತ್ತಾನೆಂದು ಅವಳಿಗೆ ಗೊತ್ತು. ಎತ್ತದಿದ್ದರೂ ನೋಡುತ್ತಿರುತ್ತಾನೆಂದೂ ಗೊತ್ತು.

ಬೇಕರಿಯ ಕೆಲಸದವರಿಗೆಲ್ಲ ಏಪ್ರನ್ ಮಾಡಿಸಬೇಕೆಂದು ಸಿದ್ದೇಶ ಹೇಳಿದಾಗ ಇಬ್ಬರೂ ಚಿಕ್ಕಪೇಟೆಗೆ ಹೋದರು. ಬಟ್ಟೆಯ ಗಂಟು ಹೊತ್ತು ವಾಪಸಾಗುವಾಗ ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿದರು. ಕೂರಲು ಜಾಗವಿರಲಿಲ್ಲ. ಸುರಂಗದೊಳಗೆ ಕಿಟಕಿಯ ಗಾಜು ಕನ್ನಡಿಯಾಗಿತ್ತು. ಅದರಲ್ಲಿ ರಾಗಿಣಿ ಅವನನ್ನು ನೋಡಿದಳು. ಎದುರೆದುರು ನೋಡಲು ಆಗದ ಹಾಗೆ, ಹಣೆ, ಕಣ್ಣು, ಮೀಸೆಯ ಅಂಚಿನಲ್ಲಿ ಒಂದೇ ಒಂದು ಬಿಳಿ ಕೂದಲು, ಎಲ್ಲವನ್ನೂ ನಿಧಾನವಾಗಿ ನೋಡಿದಳು. ಆತನೂ ಗಾಜಿನಲ್ಲೇ ಅವಳನ್ನು ನೋಡುತ್ತಿದ್ದ. ಇಬ್ಬರೂ ಕದಲಲಿಲ್ಲ.

ಮಾಗಡಿ ರೋಡ್ ಹತ್ತಿರ ರೈಲು ಮೇಲೆದ್ದು ಬೆಳಕಿಗೆ ಬಂತು. ಗಾಜಿನೊಳಗಿನ ಮುಖ ಮಾಯವಾಗಿ ಮನೆಗಳ ತಾರಸಿ, ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆಗಳು ಓಡತೊಡಗಿದವು. ಇನ್ನು ಅವನತ್ತ ತಿರುಗದೆ ಬೇರೆ ದಾರಿ ಇರಲಿಲ್ಲ. ತಿರುಗಿದಳು.

“ನನ್ನ ಮದುವೆ ಆಗ್ತೀರಾ?” ಎಂದ ಸಿದ್ದೇಶ. ದನಿ ಎಷ್ಟು ಸಣ್ಣಗಿತ್ತೆಂದರೆ ಪಕ್ಕದವರಿಗೆ ಕೇಳಿಸಲಿಲ್ಲ.

ವಿಜಯನಗರ ಬಂತು. ಆತ ಇಳಿಯಬೇಕಾದ ಸ್ಟೇಷನ್. ಇಳಿಯಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

“ಅತ್ತೆ ಇದಾರೆ” ಎಂದಳು ರಾಗಿಣಿ.

“ಅವರನ್ನ ಬಿಟ್ಟು ಬನ್ನಿ ಅಂದ್ನಾ ನಾನು?”

“ಅದಲ್ಲ. ಅವರ ಮಗ ಇದ್ದ ಜಾಗ ಅದು. ಅಲ್ಲಿ ಇನ್ನೊಬ್ಬರನ್ನ ತಂದು ಕೂರಿಸ್ತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಅವರಿಗೆ ನನ್ನ ಬಿಟ್ರೆ ಯಾರಿದಾರೆ?”

“ನಾನೇ ಬಂದು ಕೇಳ್ಲಾ?”

“ಬೇಡ. ದಯವಿಟ್ಟು ಬೇಡ. ಇನ್ಮೇಲೆ ಮನೆಗೂ ಬರ್ಬೇಡಿ.”

ಸಿದ್ದೇಶ ಬಟ್ಟೆಯ ಗಂಟನ್ನು ಅವಳ ಕಾಲ ಬಳಿ ಜಾರದ ಹಾಗೆ ಇಟ್ಟು, ರಾಜರಾಜೇಶ್ವರಿ ನಗರದಲ್ಲಿ ಇಳಿದುಹೋದ.

ಏಪ್ರನ್‌ಗಳನ್ನು ಹೊಲಿದು ಆಟೋದವನ ಕೈಯಲ್ಲಿ ಬೇಕರಿಗೆ ಕಳಿಸಿದಳು. ‘ತಲುಪಿತು, ಥ್ಯಾಂಕ್ಸ್’ ಎಂದಷ್ಟೇ ಬಂತು. ಆಮೇಲೆ ಆ ಗುಲಾಬಿ ಕೇಕು ಫೋನಿನಲ್ಲಿ ಕೆಳಗೆ ಕೆಳಗೆ ಸರಿಯುತ್ತ ಹೋಯಿತು. ರಾಗಿಣಿಗೆ ಊಟ ರುಚಿಸುತ್ತಿರಲಿಲ್ಲ. ಒಂದು ದಿನ ಜೇಬನ್ನು ತಲೆಕೆಳಗಾಗಿ ಹೊಲಿದಳು. ಯಶೋದಮ್ಮ ಬಿಚ್ಚಿಕೊಟ್ಟರು. ಬಿಚ್ಚುವಾಗ ಸೊಸೆಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು.

“ಆ ಬೇಕರಿ ಹುಡುಗ ಬರ್ಲೇ ಇಲ್ವಲ್ಲೇ ಈಚೆಗೆ?”

“ಕೆಲಸ ಇರ್ಬೇಕು ಅತ್ತೆ.”

“ಹೂಂ” ಎಂದರು ಯಶೋದಮ್ಮ. ಅವತ್ತಿನಿಂದ ಅವರೂ ಮಾತು ಕಡಿಮೆ ಮಾಡಿದರು. ಅತ್ತೆಗೆ ಗೊತ್ತಾಗಿದೆ, ಮನಸ್ಸಿಗೆ ನೋವಾಗಿದೆ ಎಂದು ರಾಗಿಣಿ ಒಳಗೊಳಗೇ ಬೆಂದಳು.

ಅದಾದ ವಾರಕ್ಕೆ, ಬಸವೇಶ್ವರನಗರದ ಗಿರಾಕಿಯೊಬ್ಬರಿಗೆ ಏಪ್ರನ್ ಕೊಟ್ಟು ಮನೆಗೆ ಬಂದಾಗ ಬಾಗಿಲಿಗೆ ಬೀಗವಿತ್ತು. ಕೆಳಗಿನ ಮನೆಯ ಭುವನೇಶ್ವರಿ ಕೀ ತಂದುಕೊಟ್ಟಳು. “ಮಧ್ಯಾಹ್ನವೇ ಹೋದ್ರು ಕಣ್ರೀ ನಿಮ್ಮತ್ತೆ. ಒಳ್ಳೆ ಸೀರೆ ಉಟ್ಕೊಂಡಿದ್ರು. ಎಲ್ಲಿಗೆ ಅಂದ್ರೆ, ಒಂದು ಕೆಲಸ ಇದೆ ಅಂದ್ರು ಅಷ್ಟೇ.”

ಒಳಗೆ ಯಶೋದಮ್ಮನ ಫೋನು ಚಾರ್ಜಿಗೆ ಹಾಕಿದ ಹಾಗೇ ಇತ್ತು. ಮಧ್ಯಾಹ್ನದ ಬಿಪಿ ಮಾತ್ರೆ ಡಬ್ಬಿಯಲ್ಲೇ ಇತ್ತು. ಹಿಂದಿನ ವಾರವಷ್ಟೇ ಅವರಿಗೆ ತಲೆ ಸುತ್ತು ಬಂದಿತ್ತು.

ರಾಗಿಣಿ ದೇವಸ್ಥಾನಕ್ಕೆ ಓಡಿದಳು, ಪಾರ್ಕಿಗೆ ಓಡಿದಳು, ಕ್ಲಿನಿಕ್ಕಿನಲ್ಲಿ ವಿಚಾರಿಸಿದಳು. ಅನ್ನಪೂರ್ಣೇಶ್ವರಿ ನಗರದಲ್ಲಿದ್ದ ಅತ್ತೆಯ ತಂಗಿ ಪಾಪಮ್ಮನಿಗೆ ಫೋನ್ ಮಾಡಿದಳು. “ಇಲ್ಲಿಗೆ ಬಂದಿಲ್ವಲ್ಲೇ!” ಎಂದು ಅವರೂ ಗಾಬರಿಯಾದರು. ಬಸ್ ಸ್ಟ್ಯಾಂಡಿನಲ್ಲಿ ವಯಸ್ಸಾದ ಹೆಂಗಸರ ಮುಖವನ್ನೆಲ್ಲ ಹುಡುಕಿ, ಹೊತ್ತು ಇಳಿಯುತ್ತಿದ್ದುದನ್ನು ನೋಡಿ ಅವಳ ಧೈರ್ಯ ಕುಸಿಯಿತು. ಯೋಚಿಸದೆಯೇ ಬೆರಳು ಆ ಗುಲಾಬಿ ಕೇಕನ್ನು ಒತ್ತಿತ್ತು.

“ಅತ್ತೆ ಕಾಣ್ತಿಲ್ಲ” ಎಂದಳು.

“ಅಲ್ಲೇ ಇರಿ. ನಾಗರಬಾವಿಗೆ ಕೇಕ್ ಕೊಡೋಕೆ ಬಂದಿದೀನಿ, ಈಗ್ಲೇ ಬಂದೆ.”

ಸಿದ್ದೇಶ ಬಂದ. ಬೇರೆ ಒಂದು ಮಾತೂ ಕೇಳದೆ, “ಯಾವ ಬಣ್ಣದ ಸೀರೆ? ಕೊನೆಗೆ ನೋಡಿದ್ದು ಯಾರು?” ಎಂದು ಕೇಳಿ ಸ್ಕೂಟರ್ ತಿರುಗಿಸಿದ. ರಾಗಿಣಿ ಹಿಂದೆ ಕೂತಳು. ಮೆಟ್ರೋ ಸ್ಟೇಷನ್ ನೋಡಿದರು, ಹಳೇ ಕೆಂಗೇರಿಯ ಸಂದಿಗಳಲ್ಲಿ ಸುತ್ತಿದರು. ನಡುವೆ ಅವನ ಫೋನು ಹೊಡೆದುಕೊಂಡಿತು. “ಅಂಗಡಿದು” ಎಂದು ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಪೊಲೀಸ್ ಸ್ಟೇಷನ್ನಿಗೇ ಹೋಗಿಬಿಡೋಣವೆಂದು ಗಾಡಿ ನಿಲ್ಲಿಸಿ ಮಾತಾಡುತ್ತಿರುವಾಗ ಮತ್ತೆ ಹೊಡೆದುಕೊಂಡಿತು. ಈ ಸಲ ಸ್ಪೀಕರ್ ಒತ್ತಿ ಕೂಗಿದ. “ಏನಮ್ಮಾ?”

“ಎಲ್ಲಿ ಹಾಳಾಗಿ ಹೋಗಿದೀಯೋ ಸಿದ್ದು?” ಅವನ ತಾಯಿ ಶೋಭಾರಾಣಿಯ ದನಿ. “ಯಾರೋ ಯಶೋದಮ್ಮ ಅಂತೆ, ಕೆಂಗೇರಿಯಿಂದ ಬಂದಿದಾರೆ. ಆಗ್ಲಿಂದ ಕೂತಿದಾರೆ. ನಿನ್ನ ನೋಡ್ದೆ ಏಳಲ್ಲ ಅಂತಾರೆ.”

ರಾಗಿಣಿ ಅಲ್ಲೇ ಫುಟ್‌ಪಾತಿನ ಅಂಚಿನಲ್ಲಿ ಕೂತಳು. “ಬದುಕಿದಾರೆ, ಚೆನ್ನಾಗಿದಾರೆ” ಎಂದು ತನಗೆ ತಾನೇ ಹೇಳಿಕೊಂಡಳು. ಸಿದ್ದೇಶ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೀರಿನ ಬಾಟಲಿ ತೆಗೆದುಕೊಟ್ಟ. ಕೊಡುವಾಗ ಅರ್ಧ ನೀರನ್ನು ತನ್ನ ಮೇಲೇ ಚೆಲ್ಲಿಕೊಂಡ. ಅದನ್ನು ನೋಡಿದ ಮೇಲೆ ರಾಗಿಣಿಗೆ ಅಳು ತಡೆಯಲಾಗಲಿಲ್ಲ.

ಪಾಪಮ್ಮನಿಗೆ ಸುದ್ದಿ ಮುಟ್ಟಿಸಿ, ಸುಂಕದಕಟ್ಟೆ ತಲುಪುವ ತನಕ ಅವಳಿಗೆ ಒಂದೇ ಯೋಚನೆ. ಅತ್ತೆ ಅಲ್ಲಿಗೆ ಯಾಕೆ ಹೋದರು? ಆತನ ಮೇಲೆ ಕೂಗಾಡಲೆಂದೇ?

ಬೇಕರಿಯೊಳಗೆ, ಗಲ್ಲಾದ ಪಕ್ಕ, ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಬ್ಬರು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಯಶೋದಮ್ಮ ಬೆಣ್ಣೆ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದರು.

“ಅತ್ತೆ!” ರಾಗಿಣಿ ಕಿರುಚಿದಳು. “ಫೋನ್ ಯಾಕೆ ಬಿಟ್ಟು ಬಂದ್ರಿ? ಮಾತ್ರೆ ಯಾಕೆ ತಗೊಂಡಿಲ್ಲ? ಪ್ರಾಣವೇ ಹೋಗಿತ್ತು ನಂದು!”

“ಚಾರ್ಜಿಗೆ ಹಾಕಿದ್ದೆ, ಮರೆತೆ ಕಣೇ. ಬೇಗ ವಾಪಸ್ ಬಂದ್ಬಿಡೋಣ ಅಂತಿದ್ದೆ. ಹೆಂಗಿದ್ರೂ ಫ್ರೀ ಬಸ್ಸು, ಆದ್ರೆ ರಾಂಗ್ ಬಸ್ ಹತ್ತಿ ಎಲ್ಲೆಲ್ಲೋ ಸುತ್ತಿದೆ. ಇಲ್ಲಿಗೆ ಬಂದ್ರೆ ಈ ಮಹಾನುಭಾವ ಇಲ್ಲ.” ಯಶೋದಮ್ಮ ಸಿದ್ದೇಶನ ಕಡೆ ತಿರುಗಿದರು. “ಏನಪ್ಪಾ, ಬರೋದೇ ಬಿಟ್ಟೆ? ನನ್ನ ಸೊಸೆ ಜೇಬು ಉಲ್ಟಾ ಹೊಲಿಯೋ ಹಾಗೆ ಮಾಡಿ, ನೀನಿಲ್ಲಿ ಆರಾಮಾಗಿ ಬನ್ ಬೇಯಿಸ್ತಿದೀಯ?”

ಸಿದ್ದೇಶ ಕೈ ಕಟ್ಟಿಕೊಂಡು ನಿಂತ. “ಆರಾಮಾಗಿಲ್ಲ ಅಮ್ಮ. ಅವರೇ ಬರ್ಬೇಡಿ ಅಂದ್ರು.”

“ಮದುವೆ ಮಾತು ಕೇಳಿದ್ಯಾ?”

“ಕೇಳಿದೆ.”

“ಏನಂದ್ಲು?”

“ಅತ್ತೆ ಇದಾರೆ ಅಂದ್ರು.”

ಯಶೋದಮ್ಮ ಟೀ ಲೋಟ ಕೆಳಗಿಟ್ಟರು. ಪಕ್ಕದ ಸ್ಟೂಲನ್ನು ತಟ್ಟಿ ಸೊಸೆಯನ್ನು ಕೂರಿಸಿಕೊಂಡರು. “ನಾನೂ ಒಂದು ಹೇಳ್ತೀನಿ, ಬೈಬೇಡ. ಪಾಪಮ್ಮ ಎರಡು ವರ್ಷದಿಂದ ಕರೀತಿದಾಳೆ, ಅಕ್ಕ ನನ್ನ ಜೊತೆ ಬಂದಿರು ಅಂತ. ಅಲ್ಲಿ ಭಜನೆ ಇದೆ, ಜೊತೆಗೆ ಹರಟೆಗೆ ಜನ ಇದಾರೆ. ನಂಗೆ ಹೋಗೋಕೆ ಎಷ್ಟು ಆಸೆ ಗೊತ್ತಾ? ನಿನ್ನೊಬ್ಬಳನ್ನೇ ಹೆಂಗೆ ಬಿಟ್ಟು ಹೋಗ್ಲಿ ಅಂತ ತಳ್ಕೊಂಡು ಬಂದೆ. ಸೊಸೆಗೆ ನಾನಿಲ್ದೆ ಆಗಲ್ಲ ಅಂತ ಅವಳ ಹತ್ರ ಸುಳ್ಳು ಹೇಳ್ತಾ ಬಂದಿದೀನಿ.”

“ಅಂದ್ರೆ... ನಾನು ನಿಮಗೋಸ್ಕರ...”

“ಹೂಂ. ನಾನು ನಿನಗೋಸ್ಕರ. ಇಬ್ರೂ ಒಬ್ಬರಿಗೊಬ್ಬರು ಕಾವಲು ಕೂತಿದ್ವಿ.”

ಶೋಭಾರಾಣಿ ಮೊದಲು ನಕ್ಕರು. ಆಮೇಲೆ ಯಶೋದಮ್ಮ ನಕ್ಕರು. ರಾಗಿಣಿ ನಗುತ್ತ ನಗುತ್ತಲೇ ಅತ್ತೆಯ ತೊಡೆಯ ಮೇಲೆ ಮುಖವಿಟ್ಟಳು. ಆರು ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಒಮ್ಮೆಗೇ ಹೊರಬಂದಂತಾಯಿತು.

“ರೇವಂತನ ಜಾಗ...” ಎಂದು ತೊದಲಿದಳು.

ಯಶೋದಮ್ಮ ಅವಳ ಕೂದಲಲ್ಲಿ ಬೆರಳಾಡಿಸಿದರು. “ಅವನ ಜಾಗಕ್ಕೆ ಯಾರೂ ಬರಲ್ಲ ಕಣೇ. ಅದು ನನ್ನ ಹತ್ರಾನೂ ಇದೆ, ನಿನ್ನ ಹತ್ರಾನೂ ಇದೆ. ಇವನು ಇವನ ಜಾಗದಲ್ಲಿ ಇರ್ಲಿ. ಕಟಿಂಗಿಗೆ ಮಾತ್ರ ದಿನಾ ಬರ್ತೀನಿ. ನಿನ್ನ ಕೈಗೆ ಕತ್ತರಿ ಕೊಟ್ರೆ ಬಟ್ಟೆ ಹಾಳು.”

ಆಮೇಲೆ ಹಿರಿಯರಿಬ್ಬರೂ ಕಣ್ಣಲ್ಲೇ ಏನೋ ಮಾತಾಡಿಕೊಂಡರು. “ಸಿದ್ದು, ಆ ಹುಡುಗಿಗೆ ಒಳಗೆ ಓವನ್ ತೋರಿಸು ಹೋಗು” ಎಂದರು ಶೋಭಾರಾಣಿ. ಓವನ್ನಿನಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಒಳಗೆ ಬಿಸಿಬಿಸಿ ವಾಸನೆ ತುಂಬಿತ್ತು. ಸಂಜೆಯ ಬನ್ನುಗಳು ಟ್ರೇಯಲ್ಲಿ ಆರುತ್ತಿದ್ದವು. ಸಿದ್ದೇಶ ಗೋಡೆಗೆ ಒರಗಿ ನಿಂತ. ಈಗ ಅವನಿಗೇ ನೇರ ನೋಡಲು ಆಗುತ್ತಿರಲಿಲ್ಲ. ರಾಗಿಣಿ ಮಾತ್ರ ಕಣ್ಣು ತಗ್ಗಿಸಲಿಲ್ಲ. ನೋಡಲು ಗಾಜು ಬೇಕಿರಲಿಲ್ಲ, ಹಿಂದೆ ಯಾರ ಹೆದರಿಕೆಯೂ ಇರಲಿಲ್ಲ.

“ಇನ್ನೊಂದ್ಸಲ ಕೇಳಿ” ಎಂದಳು.

“ಏನನ್ನ?”

“ಗೊತ್ತಿಲ್ವಾ?”

ಆತ ಗಂಟಲು ಸರಿಮಾಡಿಕೊಂಡ. “ಮದುವೆ ಆಗ್ತೀರಾ?”

“ಆಗ್ತೀನಿ.” ಹೇಳಿದ ಕೂಡಲೇ ಮೈಯೆಲ್ಲ ಹಗುರವಾದಂತಾಗಿ, ಅವಳಿಗೆ ಇದ್ದಕ್ಕಿದ್ದಂತೆ ಇನ್ನೊಂದು ವಿಷಯ ಅರಿವಾಯಿತು. “ಸಿದ್ದೇಶ್, ನಂಗೆ ವಿಪರೀತ ಹಸಿವಾಗ್ತಿದೆ.”

ಸಿದ್ದೇಶ ಗಹಗಹಿಸಿ ನಕ್ಕ. ಟ್ರೇಯಿಂದ ಒಂದು ಖಾರಾ ಬನ್ ಎತ್ತಿ, ಊದಿ, ಎರಡಾಗಿ ಮುರಿದು ದೊಡ್ಡ ತುಂಡನ್ನು ಅವಳ ಕೈಗಿಟ್ಟ. ಬೆರಳು ಸುಟ್ಟಿತು. ಆದರೂ ಬಿಡದೆ ಅವಳು ನಿಂತಲ್ಲೇ ತಿಂದಳು. ಈರುಳ್ಳಿ, ಹಸಿಮೆಣಸಿನಕಾಯಿ, ಬೆಣ್ಣೆ, ಒಂದೊಂದರ ರುಚಿಯೂ ಬೇರೆಬೇರೆಯಾಗಿ ನಾಲಿಗೆಗೆ ಹತ್ತಿತು. ಕೈ ಖಾಲಿಯಾದ ಮೇಲೆ ಅವನ ಕೈಯಲ್ಲಿದ್ದ ಸಣ್ಣ ತುಂಡನ್ನೂ ನೋಡಿದಳು. ಆತ ಅದನ್ನೂ ಕೊಟ್ಟ.